ಫೋರ್ಕ್‌ಲಿಫ್ಟ್ ಜೊತೆ ಸಂಬಂಧ

ಗೆಳೆಯರೇ, ನಗು ತಡೆಯಲಾರದೆ ಗೋಡೌನಿನಿಂದಲೇ ಬರೆಯುತ್ತಿದ್ದೇನೆ. ಭದ್ರಾವತಿಯ ನಮ್ಮ ಟೈಲ್ಸ್ ಅಂಗಡಿಗೆ ಭಾರದ ಪೆಟ್ಟಿಗೆ ಎತ್ತಿಡುವ ಫೋರ್ಕ್‌ಲಿಫ್ಟ್ ಮಾರಲು ಇವತ್ತು ಶಿವಮೊಗ್ಗದಿಂದ ಸೇಲ್ಸ್‌ನವನೊಬ್ಬ ಬಂದಿದ್ದ. ಲ್ಯಾಪ್‌ಟಾಪ್ ತೆರೆದು ಕಂಪನಿಯ ಚರಿತ್ರೆ ಶುರುಮಾಡಿದ್ದೇ ತಡ, ಗಲ್ಲಾದಲ್ಲಿದ್ದ ಅಮ್ಮ ಸಂಬಂಧ ನೋಡಲು ಬಂದವರ ಹಾಗೆ ಸೆರಗು ಸರಿಪಡಿಸಿಕೊಂಡು ಕೂತರು.

“ಮನೆತನ ಹೇಗಪ್ಪಾ?”

“ಅಜ್ಜ ಎತ್ತಿನಗಾಡಿಗೆ ಅಚ್ಚು ಮಾಡ್ತಿದ್ರಮ್ಮ. ಮಗ ಲಾರಿ ಜಾಕ್ ಮಾಡಿದ್ರು. ಮೊಮ್ಮಗ ಫೋರ್ಕ್‌ಲಿಫ್ಟಿಗೆ ಕೈ ಹಾಕಿದ್ರು.”

“ಒಳ್ಳೇ ಮನೆತನ. ಮಕ್ಕಳೆಷ್ಟು?”

ಅವನಿಗೂ ಹುರುಪು ಬಂತು. “ಮೂರಮ್ಮ. ದೊಡ್ಡದು ಡೀಸೆಲ್, ಗಟ್ಟಿ ಆಳು, ಹೊಗೆ ಜಾಸ್ತಿ. ನಡುವಿನದು ಬ್ಯಾಟರಿ, ಸದ್ದೇ ಇಲ್ಲ. ಚಿಕ್ಕದನ್ನ ಕೈಯಲ್ಲಿ ತಳ್ಬೇಕು.”

“ನಡುವಿನದು ನಮ್ಮನೆಗೆ ಹೊಂದ್ಕೊಳ್ಳುತ್ತೆ.”

ಅಮ್ಮ ಉಪ್ಪಿಟ್ಟು, ಕೇಸರಿಬಾತ್ ತರಿಸಿದರು. ಅವನು ತಟ್ಟೆ ಕೆಳಗಿಟ್ಟಾಗ ವಾಡಿಕೆಯ ಮಾತನ್ನೂ ಆಡಿಬಿಟ್ಟರು: “ಮನೇಲಿ ಮಾತಾಡಿ ತಿಳಿಸ್ತೀವಪ್ಪ.”

ಅವನ ಮುಖ ಬಾಡಿತು. “ಹಾಗನ್ಬೇಡಿ ಅಮ್ಮಾ! ನಾನು ಹೆಣ್ಣು ನೋಡೋಕೆ ಹೋದಲ್ಲೆಲ್ಲಾ ಇದನ್ನೇ ಹೇಳ್ತಾರೆ. ಆಮೇಲೆ ಫೋನೇ ಎತ್ತಲ್ಲ.”

ಅಮ್ಮನ ಮನಸ್ಸು ಕರಗಿತು. ಬ್ಯಾಟರಿ ಗಾಡಿ ಅಲ್ಲೇ ನಿಶ್ಚಯವಾಯಿತು. ಆ ಖುಷಿಯಲ್ಲಿ ಕೊಟೇಶನ್ ಕೊಡುವುದನ್ನೇ ಮರೆತ ಪುಣ್ಯಾತ್ಮ, ಅಮ್ಮನ ವಾಟ್ಸಾಪಿಗೆ ತನ್ನ ಜಾತಕವನ್ನು ಮಾತ್ರ ಮರೆಯದೆ ಕಳಿಸಿ ಹೋಗಿದ್ದಾನೆ.