ತಿತ್ತಿಯನ್ನು ಗಜೇಂದ್ರಗಡದಲ್ಲಿ ಬಿಟ್ಟು ಬಂದದ್ದು

ನರಗುಂದದಿಂದ ಬೆಳಗಿನ ಬಸ್ಸಿಗೆ ಹೊರಟೆವು. ಸಂಕ್ರಾಂತಿ ಮುಗಿದಿದ್ದರೂ ಚಳಿ ಬಿಟ್ಟಿರಲಿಲ್ಲ. ಅವಳಿ ಹೆಣ್ಣುಮಕ್ಕಳಿಗೆ ಒಂದೇ ಬಣ್ಣದ ಸ್ವೆಟರು ಹಾಕಿದ್ದು ಮೂರ್ಖತನವೆಂದು ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು. ಒಬ್ಬಳು ಡ್ರೈವರನ ಹತ್ತಿರ ಗೇರು ನೋಡುತ್ತಿದ್ದಳು, ಇನ್ನೊಬ್ಬಳು ಹಿಂದಿನ ಸೀಟಿನ ಅಜ್ಜನ ಚೀಲದಲ್ಲಿ ಕೈ ಹಾಕಿದ್ದಳು. ಕಂಡಕ್ಟರು ಒಮ್ಮೆ ಮುಂದೆ, ಒಮ್ಮೆ ಹಿಂದೆ ನೋಡಿ ಟಿಕೇಟು ಕೊಡುವುದನ್ನೇ ಮರೆತ.

“ಎರಡೂ ನಿಮ್ಮವ ಏನ್ರಿ?”

“ಹೌದ್ರಿ. ಒಂದರ ಜೋಡಿ ಒಂದು ಪುಕ್ಕಟ ಬಂತು, ನಿಮ್ಮ ಟಿಕೇಟಿನಂಗ,” ಎಂದೆ. ನನ್ನ ಆಧಾರ್ ಕಾರ್ಡು ನೋಡಿ, ಹೆಂಗಸರಿಗೆ ಕೊಡುವ ಶೂನ್ಯ ಟಿಕೇಟು ಹರಿದುಕೊಟ್ಟ.

ಹೋಗುತ್ತಿದ್ದದ್ದು ಗಜೇಂದ್ರಗಡದ ನನ್ನ ಅಕ್ಕನ ಮನೆಗೆ. ಅವಳಿಗಳಲ್ಲಿ ದೃಷ್ಟಿಯನ್ನು ಅಲ್ಲಿ ಬಿಟ್ಟು, ಸೃಷ್ಟಿಯೊಂದಿಗೆ ಸಂಜೆಗೇ ಹಿಂದಿರುಗಬೇಕಿತ್ತು. ನಾಲ್ಕು ವರ್ಷ ತುಂಬಿದರೂ ಮಕ್ಕಳು ಕನ್ನಡ ಆಡುತ್ತಿರಲಿಲ್ಲ. ಮೂಕರೇನಲ್ಲ, ಎದ್ದಾಗಿನಿಂದ ಮಲಗುವತನಕ ಬಾಯಿಗೆ ಬಿಡುವಿಲ್ಲ. ಆದರೆ ಆ ಮಾತು ಅವರಿಬ್ಬರದೇ. ನೀರಿಗೆ ‘ಮೊಬ್ಬ’, ಬಾಗಿಲಿಗೆ ‘ಅಗಾಟಿ’. ಹೆತ್ತ ತಾಯಿಯಾದ ನನಗೆ ತಿಳಿದದ್ದು ಅಂಥ ನಾಲ್ಕೈದು ಶಬ್ದ ಮಾತ್ರ. ಜೂನ್ ತಿಂಗಳಲ್ಲಿ ಶಾಲೆಗೆ ಹಾಕಬೇಕು, ಅಲ್ಲಿ ಮೊಬ್ಬ ಎಂದರೆ ಯಾರು ನೀರು ಕೊಡುತ್ತಾರೆ?

“ಜೋಡೀಲೆ ಇರೂತನಕ ಅವಕ್ಕ ನಮ್ಮ ಮಾತಿನ ಗರಜ ಇಲ್ಲ. ಒಂದನ್ನ ನಿಮ್ಮಕ್ಕನ ಕಡೆ ಬಿಟ್ಟ ಬಾ, ತಾನ ಮಾತ ಬರ್ತಾವು,” ಎಂದು ನಮ್ಮ ಅತ್ತೆ ಹೇಳಿದರು. ಗಂಡ ಹೂಂ ಎಂದ. ನಾನೂ ಹೂಂ ಎಂದೆ.

ಹೆಸರಿಡುವಾಗಲೇ ನಾವು ಎಡವಿದ್ದೆವು. ಪ್ರಾಸ ಕೂಡಲೆಂದು ಸೃಷ್ಟಿ, ದೃಷ್ಟಿ ಎಂದು ಇಟ್ಟೆವು. ನಮ್ಮ ಓಣಿಯಲ್ಲಿ ಯಾರ ನಾಲಿಗೆಯೂ ಅದಕ್ಕೆ ಹೊರಳಲಿಲ್ಲ. ಅತ್ತೆಯ ಬಾಯಲ್ಲಿ ಇಂದಿಗೂ ಸುಟ್ಟಿ, ದುಟ್ಟಿ. ದೊಡ್ಡವರಿಗೇ ಆಗದ ಹೆಸರನ್ನು ಮಕ್ಕಳ ಮೇಲೆ ಹೊರಿಸಿ, ಅವರಿಗೆ ಮಾತು ಬರುವುದಿಲ್ಲ ಎಂದು ಕೂತೆವು. ಅವರು ಎರಡನ್ನೂ ಅರೆದು ‘ತಿತ್ತಿ’ ಮಾಡಿಕೊಂಡರು. ಇವಳೂ ತಿತ್ತಿ, ಅವಳೂ ತಿತ್ತಿ. ಕಂಡಕ್ಟರು “ನಿನ್ನ ಹೆಸರೇನವಾ?” ಎಂದು ಒಬ್ಬಳನ್ನು ಕೇಳಿದರೆ ಅವಳು ಇನ್ನೊಬ್ಬಳನ್ನು ತೋರಿಸಿದಳು.

ಯಾವಗಲ್ ದಾಟಿದ ಮೇಲೆ ಎರಡೂ ಬದಿ ಬಿಳಿಜೋಳದ ಹೊಲ, ನಡುನಡುವೆ ಕುಸುಬಿ. ಒಂದು ಎಮ್ಮೆಯ ಬೆನ್ನ ಮೇಲೆ ಕಾಗೆ ಕೂತಿತ್ತು. ಒಬ್ಬಳು ಏನೋ ಅಂದಳು, ಇನ್ನೊಬ್ಬಳು ಅದಕ್ಕೆ ಉತ್ತರ ಕೊಟ್ಟಳು, ಆಮೇಲೆ ಬಿಕ್ಕಳಿಕೆ ಬರುವತನಕ ಇಬ್ಬರೂ ನಕ್ಕರು. “ಏನಾತ, ನನಗೂ ಹೇಳ್ರೆ,” ಎಂದೆ. ಪರವೂರಿನವಳನ್ನು ನೋಡಿದಂತೆ ನನ್ನನ್ನು ನೋಡಿ ಕಿಟಕಿಯತ್ತ ತಿರುಗಿದರು. ನನಗೆ ಸಿಟ್ಟು ಬಂತು. ಇರಲಿ, ಸಂಜೆಗೆ ಗೊತ್ತಾಗುತ್ತದೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ತಾಯಿ ಅಂದುಕೊಳ್ಳುವ ಮಾತಲ್ಲ ಅದು.

ರೋಣದಲ್ಲಿ ಬಸ್ಸು ಬದಲಿಸಬೇಕು. ಕಾಯುವ ಹೊತ್ತಿನಲ್ಲಿ ಬುತ್ತಿ ಬಿಚ್ಚಿ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ತುತ್ತು ಕೊಟ್ಟೆ. ಇಬ್ಬರಿಗೂ ಸರದಿಯಂತೆ ಕೊಟ್ಟೆನೆಂದು ನನ್ನ ಲೆಕ್ಕ. ಆದರೆ ಬೆಂಚಿನ ಸುತ್ತ ಸುತ್ತಿ ಬಂದು ಎಲ್ಲ ತಿಂದವಳು ದೃಷ್ಟಿ ಒಬ್ಬಳೇ. ಸೃಷ್ಟಿ ಬೆಂಚಿನ ಕೆಳಗೆ ಕೂತು ಅವಳನ್ನು ಕಳಿಸಿ ಕಳಿಸಿ ನಗುತ್ತಿದ್ದಳು. ಪಕ್ಕದ ಹೆಂಗಸರೂ ನಕ್ಕರು. ನಾನು ಇಬ್ಬರಿಗೂ ಒಂದೊಂದು ಏಟು ಹಾಕಿದೆ. ಅತ್ತದ್ದು ಮಾತ್ರ ಜೊತೆಗೇ.

ಗಜೇಂದ್ರಗಡ ಹತ್ತಿರವಾದಂತೆ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಂಡವು. ಮಕ್ಕಳು ಕಿಟಕಿಗೆ ಮುಖ ಒತ್ತಿ ಅವಕ್ಕೂ ಹೊಸ ಹೆಸರಿಟ್ಟರು. ನಾನು ಕೇಳಿಸಿಕೊಳ್ಳಲಿಲ್ಲ, ದೃಷ್ಟಿಯ ಬಟ್ಟೆ ಎಲ್ಲ ತಂದಿದ್ದೇನೋ ಇಲ್ಲವೋ ಎಂದು ಚೀಲ ತಡಕುತ್ತಿದ್ದೆ.

ಅಕ್ಕನ ಮನೆಯಲ್ಲಿ ಮಗ್ಗದ ಸದ್ದು ಬೀದಿಗೇ ಕೇಳುತ್ತದೆ. ಅಕ್ಕ ಸೀರೆ ನೇಯುವುದನ್ನು ಬಿಟ್ಟೆದ್ದು ಬಂದು ಮಕ್ಕಳ ಗಲ್ಲ ಹಿಂಡಿದಳು. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗಟ್ಟಿ ಮೊಸರು. ಉಂಡ ಮೇಲೆ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದಳು.

“ನಿನಗ ಖರೇ ಮನಸೈತೇನ?”

“ಮನಸಿಂದೇನೈತಿ ಅಕ್ಕಾ, ಸಾಲಿದು ನೋಡಬೇಕಲ್ಲ.”

“ಸಾಲಿ ಎಲ್ಲಿ ಓಡಿ ಹೊಕ್ಕೈತಿ? ಎರಡನ್ನೂ ಬಿಡು, ಇಲ್ಲಾ ಎರಡನ್ನೂ ಒಯ್ಯಿ.”

“ನಮ್ಮ ಅತ್ತೀಗೇನ ಹೇಳ್ಲಿ?” ಎಂದೆ. ಅಕ್ಕ ನೂಲಿನ ಬುಟ್ಟಿ ತರಲು ಹೋದಳು.

ಮಗುವನ್ನು ಬಿಟ್ಟು ಬರುವಾಗ ಹೇಳಿ ಬರಬಾರದು, ಕಣ್ಣು ತಪ್ಪಿಸಿ ಬರಬೇಕು. ನಮ್ಮ ಕಡೆ ಎಲ್ಲರೂ ಹಾಗೆಯೇ ಮಾಡುತ್ತಾರೆ. ದೃಷ್ಟಿಗೆ ಬಣ್ಣದ ನೂಲಿನ ಉಂಡೆಗಳನ್ನು ಕೊಟ್ಟು ಅಕ್ಕ ಮಗ್ಗದ ಪಕ್ಕ ಕೂರಿಸಿದಳು. ಹಿತ್ತಲಿಗೆ ಹೋಗಿ ಬರೋಣ ಎಂದು ನಾನು ಸೃಷ್ಟಿಯ ಕೈ ಹಿಡಿದೆ. ಅವಳು ತಿರುತಿರುಗಿ ನೋಡುತ್ತ ಬಂದಳು, ಹಿಂದೆ ಇನ್ನೊಬ್ಬಳು ಬರುತ್ತಾಳೆ ಎಂದೇ ತಿಳಿದಿದ್ದಳು. ಹಿತ್ತಲ ಬಾಗಿಲಿನಿಂದ ಓಣಿ, ಓಣಿಯಿಂದ ಬಸ್ ನಿಲ್ದಾಣ. ಬಸ್ಸು ಹೊರಟ ಮೇಲೂ ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನ ಮಾಡುವ ಕೆಲಸವಾದರೂ ಇರುತ್ತಿತ್ತು.

ಗುಡ್ಡ ಕಾಣಿಸಿದಾಗ ಅವಳು ಏನೋ ಅಂದು ಪಕ್ಕಕ್ಕೆ ತಿರುಗಿದಳು. ಪಕ್ಕದಲ್ಲಿ ನಾನಿದ್ದೆ. ಉತ್ತರ ಕೊಡಬೇಕೆನಿಸಿತು, ಆದರೆ ಶಬ್ದ ಬೇಕಲ್ಲ. ನೀರಿನ ಬಾಟಲಿ ತೆಗೆದು “ಮೊಬ್ಬ ಬೇಕೇನ?” ಎಂದೆ. ಅವಳು ತನ್ನ ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು.

ರೋಣದಲ್ಲಿ ಇಳಿದಾಗ ಬಿಸಿಲು ತಣ್ಣಗಾಗಿತ್ತು. ನಿಲ್ದಾಣದ ಕಟ್ಟೆಯ ಮೇಲೆ ಮುದುಕಿಯೊಬ್ಬಳು ಪೇರಲ ಹಣ್ಣು ಮಾರುತ್ತಿದ್ದಳು. ಒಂದಿಷ್ಟು ಕೊಂಡೆ. ಮುದುಕಿ ಒಂದು ಹಣ್ಣು ಒರೆಸಿ ಸೃಷ್ಟಿಯ ಕೈಗಿಟ್ಟಳು, ತಾನಾಗಿಯೇ ಇನ್ನೊಂದನ್ನೂ ತೆಗೆದಳು. “ಆ ಕೈಗೂ ಒಂದ ಹಿಡಿಯವಾ.”

ಸೃಷ್ಟಿ ಆ ಕೈಯನ್ನು ಬೆನ್ನ ಹಿಂದೆ ಮಾಡಿದಳು.

“ಬ್ಯಾಡ. ನಾ ಒಬ್ಬಾಕಿನ ಅದೀನಿ.”

ಒಂದು ಅಕ್ಷರವೂ ತೊದಲಲಿಲ್ಲ. ಎಲ್ಲ ತಿಳಿಯುತ್ತಿತ್ತು ಅವಳಿಗೆ, ಆಡುವ ಅಗತ್ಯ ಮಾತ್ರ ಇರಲಿಲ್ಲ. ನಮ್ಮ ಅತ್ತೆ ಇದ್ದಿದ್ದರೆ ಓಣಿಗೆಲ್ಲ ಸಕ್ಕರೆ ಹಂಚುತ್ತಿದ್ದರು.

“ಎಷ್ಟ ಚಂದ ಮಾತಾಡ್ತಾಳ್ರಿ ನಿಮ್ಮ ಮಗಳು,” ಎಂದಳು ಮುದುಕಿ.

“ಹೌದ್ರಿ,” ಎಂದೆ.

ನಾವು ಇಳಿದ ಬಸ್ಸು ಗಜೇಂದ್ರಗಡಕ್ಕೇ ವಾಪಸು ಹೊರಟು ನಿಂತಿತ್ತು, ಅರ್ಧ ಖಾಲಿ. ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು ಕಂಡಕ್ಟರು, “ಬರೂದಿದ್ರ ಲಗೂ ಹತ್ರಿ ಅಕ್ಕಾರ,” ಎಂದ. ಕತ್ತಲಾಗುವುದರೊಳಗೆ ಅಕ್ಕನ ಮನೆ ಮುಟ್ಟುತ್ತಿದ್ದೆ. ಒಂದು ಹೆಜ್ಜೆ ಇಟ್ಟೆ ಕೂಡ. ಅಷ್ಟರಲ್ಲಿ ನರಗುಂದದ ಬಸ್ಸು ಬಂತು, ಜನ ಸೀಟಿಗಾಗಿ ಓಡಿದರು. ನಾನೂ ಸೃಷ್ಟಿಯನ್ನು ಎತ್ತಿಕೊಂಡು ಅವರ ಜೊತೆ ಓಡಿದೆ. ಒಂದೇ ಮಗು ಇದ್ದುದರಿಂದ ಓಡುವುದು ಹಗುರಾಗಿತ್ತು. ಕಿಟಕಿಯ ಪಕ್ಕದ ಸೀಟು ಸಿಕ್ಕಿತು.