ಹೇಳಿಹೊಡಿ ಮಿಸ್

ನಮ್ಮ ಬೀದಿಯ ಮಕ್ಕಳಿಗೆ ಕರಾಟೆ ಕಲಿಸುತ್ತಿದ್ದ ಹೆಂಗಸು ಹಗಲಿಡೀ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆಯ ಚಾದರಗಳಿಗೆ ಇಸ್ತ್ರಿ ಹಾಕುತ್ತಿದ್ದರು. ಐದೂವರೆಗೆ ಕೆಲಸ ಬಿಟ್ಟು, ಆರಕ್ಕೆಲ್ಲ ಮೇಜು ಕುರ್ಚಿಗಳ ಗೋದಾಮಿನ ಮಹಡಿಯಲ್ಲಿ ಬಿಳಿ ಉಡುಪು ತೊಟ್ಟು ನಿಂತಿರುತ್ತಿದ್ದರು. ಮುಂಗೈ ತುಂಬ ಸುಟ್ಟ ಕಲೆಗಳು. ಮಕ್ಕಳು ಅವನ್ನು ಕಾಳಗದ ಗಾಯವೆಂದೇ ನಂಬಿದ್ದರು. ಅವರೂ ತಿದ್ದಲು ಹೋಗಿರಲಿಲ್ಲ.

ಮಕ್ಕಳು ಅವರಿಗೆ ಇಟ್ಟ ಹೆಸರು ಹೇಳಿಹೊಡಿ ಮಿಸ್. ಅವರ ತರಗತಿಯಲ್ಲಿ ಜೋಡಿಯಾಗಿ ನಿಂತ ಮೇಲೆ ಹೊಡೆಯುವವರು ಮೊದಲು ಜಾಗ ಹೇಳಬೇಕು. "ಹೊಟ್ಟೆ!" ಎಂದ ಮೇಲೆಯೇ ಹೊಟ್ಟೆಗೆ, "ಭುಜ!" ಎಂದ ಮೇಲೆಯೇ ಭುಜಕ್ಕೆ. ಎದುರಿನವರು ತಡೆದರೆ ಇಬ್ಬರಿಗೂ ಶಭಾಷ್. ಬೇರೆ ಕಡೆ ಇದು ಹೊಸಬರ ಪಾಠವಂತೆ. ಇಲ್ಲಿ ಅದೇ ಮೊದಲು, ಅದೇ ಕೊನೆ. ನನ್ನ ಮಗಳು ಮನೆಯಲ್ಲಿ ದಿಂಬು ಎಸೆಯುವಾಗಲೂ "ಅಮ್ಮಾ, ತಲೆ!" ಎಂದು ಕೂಗಿಯೇ ಎಸೆಯುತ್ತಿದ್ದಳು.

ಸ್ಪರ್ಧೆಗೆ ಮಾತ್ರ ಮಿಸ್ ಯಾರನ್ನೂ ಕಳಿಸುತ್ತಿರಲಿಲ್ಲ. "ಊರಿಗೊಂದು ದಾರಿ, ನಿಮ್ ಮಿಸ್‌ಗೊಂದು ದಾರಿ" ಎಂದು ಪಕ್ಕದ ಮನೆಯಾಕೆ ಮೂಗು ಮುರಿದು ತನ್ನ ಮಗನನ್ನು ಬಿಡಿಸಿದಳು. ಆಚೆ ರಸ್ತೆಯ ಹೊಸ ತರಗತಿಯ ಕಿಟಕಿಯಲ್ಲಿ ಕಪ್‌ಗಳು ಸಾಲುಗಟ್ಟಿದಂತೆಲ್ಲ ನಮ್ಮಲ್ಲಿ ಮಕ್ಕಳು ಕರಗುತ್ತ ಬಂದರು. ಇಪ್ಪತ್ತಾರು ಇದ್ದದ್ದು ಒಂಬತ್ತಾಯಿತು. ಮಿಸ್ ಹತ್ತಿರ ಮಾತಾಡಲು ಉಳಿದ ತಾಯಂದಿರು ನನ್ನನ್ನು ಮುಂದೆ ತಳ್ಳಿದರು. ತಳ್ಳಿದರು ಅನ್ನುವುದು ಸುಳ್ಳು, ನಾನೇ ಹೋದೆ.

"ಮಿಸ್, ಒಂದೇ ಒಂದ್ಸಲ ಕಳಿಸಿ. ಇಲ್ಲಾಂದ್ರೆ ಈ ಒಂಬತ್ತೂ ಉಳಿಯಲ್ಲ."

ಅವರು ಚಾಪೆ ಸುತ್ತುತ್ತಲೇ ಹೇಳಿದರು: "ಹದಿನೈದು ವರ್ಷಕ್ಕೆ ನನಗೂ ಕಪ್ ಗೆಲ್ಲೋ ಹುಚ್ಚು ಹಿಡಿದಿತ್ತಮ್ಮ. ಸ್ಪರ್ಧೆಗೆ ನಾಲ್ಕೇ ದಿನ ಇತ್ತು. ತಮ್ಮನ್ನ ಎದುರಿಗೆ ನಿಲ್ಲಿಸ್ಕೊಂಡಿದ್ದೆ. ಎಷ್ಟು ಬೇಗ ಹೊಡೀಬಹುದು ಅಂತ ನೋಡೋಕೆ ಹೋಗಿ ಕಿವಿಗೆ ಬಿತ್ತು. ಈಗಲೂ ಅವನನ್ನ ಬಲಗಡೆಯಿಂದ ಕರೆದ್ರೆ ತಿರುಗಲ್ಲ. ಒಂದು ಮಾತು ಹೇಳಿ ಹೊಡೆದಿದ್ರೆ ತಡೀತಿದ್ದ."

ಆದರೂ ನಾನು ಬಿಡಲಿಲ್ಲ. "ಅದು ಆಗಿನ ಕಾಲ ಮಿಸ್. ಈಗ ತಲೆಗೂ ಕೈಗೂ ಕವಚ ಹಾಕ್ತಾರೆ" ಎಂದೆ. ಅವರು ಸುತ್ತಿದ ಚಾಪೆಯನ್ನು ಗೋಡೆಗೆ ಒರಗಿಸಿ, "ಆಯ್ತು, ನಿಮ್ಮ ಮಗಳನ್ನೇ ಕಳಿಸೋಣ" ಎಂದರು.

ಸ್ಪರ್ಧೆಯ ದಿನ ನನ್ನ ಒಂಬತ್ತು ವರ್ಷದ ಮಗಳು ಗೆರೆಯ ಮೇಲೆ ನಿಂತು, ಬಾಗಿ, ಗಟ್ಟಿಯಾಗಿ "ಹೊಟ್ಟೆ!" ಎಂದಳು. ಎದುರಿನ ಹುಡುಗಿ ಆರಾಮಾಗಿ ಹೊಟ್ಟೆ ಕಾಯ್ದುಕೊಂಡು ತಿರುಗಿ ಒಂದು ಕೊಟ್ಟಳು. "ಭುಜ!" ಮತ್ತೆ ಅದೇ ಕಥೆ. ಮೂರನೆಯ ಸಲಕ್ಕೆ ಇಡೀ ಸಭಾಂಗಣ ಗೊಳ್ಳೆಂದು ನಕ್ಕಿತು. "ಮನೆ ವಿಳಾಸಾನೂ ಹೇಳ್ಬಿಡಮ್ಮಾ!" ಎಂದು ಹಿಂದಿನಿಂದ ಯಾರೋ ಕೂಗಿದರು. ಮಗಳಿಗೆ ಏನು ತಪ್ಪಾಯಿತೆಂದೇ ತಿಳಿಯಲಿಲ್ಲ. ನಗುವವರ ಕಡೆ ತಿರುಗಿ ತಾನೂ ಸ್ವಲ್ಪ ನಕ್ಕಳು.

ಹೊರಗೆ ಬಂದು ನಾನು ಮಿಸ್ ಮೇಲೆ ಹರಿಹಾಯ್ದೆ. "ಇಲ್ಲಿ ಹೇಳ್ಬಾರ್ದು ಅಂತ ಮೊದ್ಲೇ ಹೇಳ್ಕೊಡಬಾರದಿತ್ತಾ?"

"ಹೇಳಿದ್ದೆನಮ್ಮಾ. ನಾಲ್ಕು ವರ್ಷ ರೂಢಿ ಮಾಡಿಸಿದ್ದು ನಾಲ್ಕು ದಿನಕ್ಕೆ ಬಿಡತ್ತಾ?"

ಮರುವಾರ ಮಹಡಿಗೆ ಬಂದದ್ದು ನನ್ನ ಮಗಳೊಬ್ಬಳೇ. ಮಿಸ್ ಅವಳೆದುರು ತಾವೇ ನಿಂತರು. "ಇವತ್ತು ಬಾಯಿ ಮುಚ್ಕೊಂಡು ಹೊಡಿ ಪುಟ್ಟಿ."

ಮಗಳು ನನ್ನತ್ತ ನೋಡಿದಳು. ನಾನು ತಲೆಯಾಡಿಸಿದೆ. ಮುಷ್ಟಿ ನೇರ ಪಕ್ಕೆಗೆ ಹೋಯಿತು. ಕಣ್ಣು ಮುಚ್ಚಿಕೊಂಡೂ ತಡೆಯಬಲ್ಲ ಆ ಕೈಗಳು ಮೇಲೇಳಲೇ ಇಲ್ಲ. ಮಗಳು ಹೆದರಿ ಅಳತೊಡಗಿದಳು. ಮಿಸ್ ಮೊಣಕಾಲೂರಿ ಅವಳ ಕಣ್ಣೊರೆಸಿದರು.

"ಸರಿಯಾಗೇ ಹೊಡೆದೆ ಕಂದಾ. ನಾಳೆಯಿಂದ ಆಚೆ ರಸ್ತೆಯವರ ಹತ್ರ ಹೋಗು, ಒಳ್ಳೆಯವರು. ಇದನ್ನ ಕಲಿಸೋದು ನನ್ನ ಕೈಲಿ ಆಗಲ್ಲ."

ಅಂದೇ ಗೋದಾಮಿನವರಿಗೆ ಬೀಗದ ಕೈ ಒಪ್ಪಿಸಿಬಿಟ್ಟರು.

ಹೊಸ ಜಾಗದಲ್ಲಿ ಮಗಳು ಒಂದೇ ವರ್ಷದಲ್ಲಿ ಪಳಗಿದಳು. ಹೋದ ಭಾನುವಾರ ಮೊದಲ ಬಹುಮಾನ ಬಂತು. ಯಾರ ಋಣವೆಂದು ನನಗೆ ಗೊತ್ತಿತ್ತು. ನಿನ್ನೆ ಲಾಂಡ್ರಿಗೆ ಹೋದೆ. ಒಳಗೆ ಉಗಿ, ಒದ್ದೆ ಬಟ್ಟೆಯ ವಾಸನೆ. ಸುದ್ದಿ ಕೇಳಿ ಮಿಸ್ ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು ನನ್ನ ಎರಡೂ ಕೈ ಹಿಡಿದುಕೊಂಡರು. ಮುಖ ಅರಳಿತು. ನಿಜವಾಗಿಯೇ ಅರಳಿತು.

"ಭೇಷ್! ಎದುರಿಗಿದ್ದ ಮಗು? ಅದಕ್ಕೇನೂ ಪೆಟ್ಟಾಗ್ಲಿಲ್ಲ ತಾನೆ?"

ಎರಡು ಜಡೆಯ ಪುಟ್ಟ ಹುಡುಗಿ. ಅವಳು ಬಿದ್ದದ್ದು ನೆನಪಿತ್ತು. ಎದ್ದದ್ದನ್ನು ನಾನು ನೋಡಿರಲಿಲ್ಲ. ಮಗಳ ಫೋಟೊ ತೆಗೆಯುತ್ತಿದ್ದೆ.