ಕಾಕಾನ ಬ್ಯಾಂಡೇಜು

ಮೊನ್ನೆ ಉಳ್ಳಾಗಡ್ಡಿ ಹೆಚ್ಚಲು ಹೋಗಿ ಬೆರಳನ್ನೇ ಹೆಚ್ಚಿಕೊಂಡೆ. ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನ ಎದುರಿನ ಔಷಧಿ ಅಂಗಡಿಯವನು ಬ್ಯಾಂಡೇಜಿನ ಸುರುಳಿ ಬಿಚ್ಚಿದ. ಹೊಸ ಅರಿವೆ, ಅದರ ಮೇಲೆ ಸ್ವಲ್ಪ ಸ್ಪಿರಿಟ್ಟು. ಆ ವಾಸನೆಗೆ ನೋವು ನೆನಪಾಗಬೇಕಿತ್ತು, ನನಗೆ ನಗು ಬಂತು. ನಮ್ಮ ಶಿವಪ್ಪ ಕಾಕಾ ಒಮ್ಮೆ ಇಂಥದೇ ಅರಿವೆಯನ್ನು ತಲೆಗೆ ಸುತ್ತಿಕೊಂಡು ಬ್ಯಾಡಗಿಯ ಎರಡು ಓಣಿಗಳ ನಡುವೆ ಯುದ್ಧ ಹಚ್ಚುವುದರಲ್ಲಿದ್ದ.

ನೀವು ನನ್ನನ್ನು ಪೂರ್ತಿ ನಂಬಬೇಡಿ. ಈ ಕಥೆಯನ್ನು ಎಷ್ಟೋ ಸಲ ಹೇಳಿದ್ದೇನೆ. ಕೇಳಿದವರು ನಕ್ಕ ಕಡೆಯಲ್ಲೆಲ್ಲ ಅದು ಸ್ವಲ್ಪ ದಪ್ಪವಾಗಿದೆ. ಜಗಳ ಶುರುವಾದಾಗ ಗುಡುಗಿತ್ತು ಎಂದೂ ಒಂದು ಕಾಲಕ್ಕೆ ಹೇಳುತ್ತಿದ್ದೆ. ಮೆಣಸಿನಕಾಯಿ ಒಣಹಾಕುವ ದಿನಗಳಲ್ಲಿ ಗುಡುಗು ಎಲ್ಲಿಂದ ಬರಬೇಕು?

ಜಗಳ ಆ ಒಣಹಾಕುವ ಬಯಲಿನದೇ. ನಾವು ಮೇಲಿನ ಓಣಿಯವರು, ಅವರು ಕೆಳಗಿನ ಓಣಿಯವರು, ನಡುವೆ ಎರಡಕ್ಕೂ ಸೇರಿದ ಬಯಲು. ಅವರ ಫಕೀರಪ್ಪ ತನ್ನ ಮೆಣಸಿನಕಾಯಿಯನ್ನು ನಮ್ಮ ಕಡೆ ಸರಿಸಿದ ಎಂದು ಕಾಕಾ. ಗಾಳಿ ಸರಿಸಿತು ಎಂದು ಫಕೀರಪ್ಪ. ಎರಡೂ ಓಣಿ ಬಂದು ನಿಂತವು. ಆದರೆ ಒಣಮೆಣಸಿನಕಾಯಿ ತುಳಿಯುತ್ತ ಹೊಡೆದಾಡುವುದು ಸುಲಭವಲ್ಲ. ಶೂರರೆಲ್ಲ ಬೈಯುವ ನಡುವೆ ಸೀನಿ, ಕಣ್ಣೊರೆಸಿಕೊಂಡು, ಬೈಗುಳ ಎಲ್ಲಿಗೆ ನಿಂತಿತ್ತೆಂದು ನೆನಪಿಸಿಕೊಳ್ಳಬೇಕಾಯಿತು. ಖಾರಕ್ಕೆ ಕಣ್ಣು ಕಾಣದವನೊಬ್ಬ ಎಸೆದ ಕಲ್ಲು ಕಾಕಾನ ಹಣೆ ತರಚಿತು. ಫಕೀರಪ್ಪ ಯಾರ ಸಹಾಯವೂ ಇಲ್ಲದೆ ಬಿದ್ದು ಕೈ ಉಳುಕಿಸಿಕೊಂಡ.

ಎರಡೂ ಓಣಿಗೆ ಒಂದೇ ದವಾಖಾನೆ, ದವಾಖಾನೆಗೆ ಒಂದೇ ಬೆಂಚು. ಡಾಕ್ಟರಬಾಯಿ ಇಬ್ಬರನ್ನೂ ಅದರ ಮೇಲೆಯೇ ಕೂಡಿಸಿದರು. ಕಾಕಾನ ಜತೆಗೆ ನಾನೂ ಹೋಗಿದ್ದೆ, ಸೀನುತ್ತಲೇ.

ನಮ್ಮಲ್ಲಿ ಜಗಳದ ನ್ಯಾಯವನ್ನು ಬ್ಯಾಂಡೇಜು ಹೇಳುತ್ತದೆ. ಯಾರದು ದೊಡ್ಡದೋ ಅವನ ಕಡೆ ಸತ್ಯ. ಓಣಿಯ ಹುಡುಗರ ರಕ್ತ ಕುದಿಯುವುದೂ ಅದರ ಅಗಲ ನೋಡಿಯೇ. ಇದು ಡಾಕ್ಟರಬಾಯಿಗೆ ಗೊತ್ತಿತ್ತು. ಕಾಕಾನ ಹಣೆಗೆ ಬೆರಳಗಲದ ಪಟ್ಟಿ ಅಂಟಿಸಿ ಏಳಿ ಎಂದರು.

"ಇಷ್ಟ ಏನ್ರಿ ಬಾಯಾರ? ತಲಿ ತುಂಬ ಸುತ್ರಿ."

"ತಲಿ ತುಂಬ ಪೆಟ್ಟು ಬಿದ್ದಿದ್ರ ಸುತ್ತತಿದ್ದೆ, ಯಜಮಾನ್ರ."

"ಅಂವಗ ಮಾತ್ರ ಮಾರುದ್ದ ಕಟ್ಟೀರಿ."

"ಅವರ ಕೈ ಉಳುಕೇತಿ. ನಿಮ್ದೂ ಉಳುಕಿಸ್ಲೇನು?"

ಫಕೀರಪ್ಪ ನಕ್ಕ. ಅಲ್ಲಿಗೆ ಎಲ್ಲ ಕೆಟ್ಟಿತು.

ಕಾಕಾ ತಾನೇ ಸುರುಳಿಗಳನ್ನು ಕೊಂಡು ತಂದು ಹೆಂಡತಿ, ನಮ್ಮ ಕಾಕೂನ ಕೈಯಿಂದ ತಲೆಗೆ ಸುತ್ತಿಸಿಕೊಂಡ. ಒಂದು ಕಣ್ಣು ಮುಚ್ಚಿಹೋಯಿತು. ಅದೂ ಇರಲಿ ಎಂದ. ಹಾಗೆಯೇ ಹೋಗಿ ಹೊರಗಿನ ಕಟ್ಟೆಯ ಮೇಲೆ ಕೂತ. ದಾರಿಯಲ್ಲಿ ಹೋಗುವವರೆಲ್ಲ ನಿಂತರು. ಮಧ್ಯಾಹ್ನಕ್ಕೆ ಬಡಿಗೆಗಳು ಬಂದವು.

"ಕಾಕಾ, ನೀ ಬರೇ ಹೂಂ ಅನ್ನು," ಎಂದ ಗುಂಪಿನ ಮುಂದೆ ನಿಂತವನು. ಅವನು ನಮ್ಮಣ್ಣ. ಕೆಳಗಿನ ಓಣಿಯಲ್ಲೂ ಜನ ಸೇರಿದ್ದರು. ಅವತ್ತು ಹೆಣ ಬೀಳಬಹುದಿತ್ತು. ಇದೊಂದನ್ನು ಮಾತ್ರ ಉಪ್ಪುಖಾರ ಹಚ್ಚದೆ ಹೇಳುತ್ತಿದ್ದೇನೆ.

ಅಷ್ಟರಲ್ಲಿ ಡಾಕ್ಟರಬಾಯಿ ಗುಂಪು ಸರಿಸಿಕೊಂಡು ಬಂದರು. "ದಾರಿ ಬಿಡ್ರಿ. ಪಟ್ಟಿ ಬದಲಿ ಮಾಡಬೇಕು."

"ಒಳಗ ಬರ್ರಿ," ಎಂದ ಕಾಕಾ.

"ಬೆಳಕು ಇಲ್ಲೇ ಛಲೋ ಐತಿ."

ಬಿಚ್ಚಿದ ತುದಿಯನ್ನು ಅಣ್ಣನ ಕೈಗೆ ಕೊಟ್ಟರು. "ಹಿಡಿ ತಮ್ಮಾ, ನೆಲಕ್ಕ ಹತ್ತಬಾರದು." ಅಣ್ಣ ಬಡಿಗೆಯನ್ನು ಗೋಡೆಗೆ ಆನಿಸಿ ಹಿಡಿದ. ಅರಿವೆ ಬಂತು, ಮತ್ತೂ ಬಂತು. ನಡುವೆ ಜೋತುಬಿತ್ತೆಂದು ಇನ್ನೊಬ್ಬನನ್ನು ಕರೆದರು, ಅವನ ಆಚೆಗೆ ಮತ್ತೊಬ್ಬನನ್ನು. ಹಿಡಿಯಲು ಎರಡೂ ಕೈ ಬೇಕು. ಬಡಿಗೆಗಳೆಲ್ಲ ಗೋಡೆ ಸೇರಿದವು. ಸೀರೆ ಒಣಹಾಕಲು ನಿಂತವರಂತೆ ನಮ್ಮ ವೀರರು ಸಾಲಾಗಿ ನಿಂತರು. ಕಡೆಗೆ ಹಣೆಯ ಮೇಲೆ ಉಳಿದದ್ದು ಬೆಳಗಿನ ಬೆರಳಗಲದ ಪಟ್ಟಿ. ಅದನ್ನೂ ಕಿತ್ತು, "ಇದು ಇನ್ನ ಬ್ಯಾಡ, ಗಾಳಿಗೆ ಒಣಗ್ಲಿ," ಎಂದರು.

ಯಾರೋ ನಕ್ಕರು. ನಾನೇ ಎಂದು ನನ್ನ ವಾದ, ತಾನು ಎಂದು ಅಣ್ಣನದು. ಆಮೇಲೆ ಯಾರು ನಗಲಿಲ್ಲ ಎಂದು ಹೇಳುವುದೇ ಕಷ್ಟ. ಸುದ್ದಿ ಕೆಳಗಿನ ಓಣಿಗೆ ಹೋಯಿತು, ಅಲ್ಲಿಯೂ ನಕ್ಕರು. ನಕ್ಕು ಸುಸ್ತಾದವರು ಊಟಕ್ಕೆ ಹೋದರು. ಕಾಕಾ ಮಾತ್ರ ಮತ್ತೆಂದೂ ಆ ದವಾಖಾನೆಯ ಮೆಟ್ಟಿಲು ಹತ್ತಲಿಲ್ಲ. ನೆಗಡಿ ಬಂದರೂ ಹಾವೇರಿಯ ಬಸ್ಸು ಹಿಡಿಯುತ್ತಿದ್ದ.

ಔಷಧಿ ಅಂಗಡಿಯಿಂದ ಹೊರಬಂದವನು ಹಾಗೆಯೇ ಬ್ಯಾಡಗಿಗೆ ಹೋದೆ. ಕಾಕಾನಿಗೆ ಈಗ ಕಿವಿ ಮಂದ, ನಾಲಿಗೆ ಅಲ್ಲ.

"ಅವತ್ತು ಡಾಕ್ಟರಬಾಯಿ ನಿನ್ನ ಮರ್ಯಾದಿ ಬಿಚ್ಚಿಬಿಟ್ಲಲ್ಲ ಕಾಕಾ," ಎಂದೆ.

"ಆಕಿನ್ನ ಕರಸಿದಾಂವ ಯಾರಂತ ತಿಳದೀ?"

ನಾನು ಇನ್ನಷ್ಟು ಹತ್ತಿರ ಸರಿದು ಕೂತೆ.

"ನಿಮ್ಮಣ್ಣನ ಕೈಯಾಗ ಬಡಿಗಿ ನೋಡಿ ಎದಿ ಝಲ್ ಅಂತು. ನಾನ ಬಿಚ್ಚಿದ್ರ ಅಂಜಬುರುಕ ಅಂತಿದ್ರು. ಹಿತ್ತಲ ಬಾಗಲದಿಂದ ನಿಮ್ಮ ಕಾಕೂನ್ನ ಕಳಿಸಿದೆ. ಏನರ ಮಾಡ್ರಿ ಬಾಯಾರ, ತಲಿ ನಿಮ್ಮ ಕೈಯಾಗ ಕೊಟ್ಟೇನಿ ಅಂತ."

"ಮತ್ತ ಹಾವೇರಿಗೆ ಯಾಕ ಹೋಗತಿದ್ದಿ?"

"ಸಿಟ್ಟಿದ್ದಂಗ ಕಾಣಬೇಕಲ್ಲೋ. ಇಬ್ರೂ ಕೂಡಿ ಮಾಡೀವಿ ಅಂತ ಗೊತ್ತಾದ್ರ ಹುಡುಗೂರು ಮತ್ತ ಬಡಿಗಿ ತಗೀತಿದ್ರು."

ನಂಬಲೋ ಬೇಡವೋ? ಡಾಕ್ಟರಬಾಯಿ ಈಗಿಲ್ಲ, ಕಾಕೂ ಇಲ್ಲ. ಬದುಕುಳಿದವನಿಗೆ ಕಥೆಯನ್ನು ತನ್ನ ಕಡೆಗೆ ಸರಿಸಿಕೊಳ್ಳಲು ಗಾಳಿ ಸಾಕು. ಹಾಗೆಂದುಕೊಂಡೆನಾದರೂ ಅವನ ಮುಖ ನೋಡಿ ನಗಲಾಗಲಿಲ್ಲ.

ಬರುವ ವಾರ ಫಕೀರಪ್ಪನ ಮೊಮ್ಮಗಳ ಮದುವೆ. ಬ್ಯಾಂಡೇಜಿನ ಕಥೆ ಹೇಳಲು ಬರಬೇಕೆಂದು ಕೆಳಗಿನ ಓಣಿಯವರು ನನಗೆ ಹೇಳಿಕಳಿಸಿದ್ದಾರೆ. ಎರಡರಲ್ಲಿ ಯಾವುದನ್ನು ಹೇಳಲಿ ಎಂದು ಕಾಕಾನನ್ನೇ ಕೇಳಿದೆ.

"ಮೊದಲಿನದನ್ನ ಹೇಳು," ಎಂದ. "ನಾನೂ ಬರ್ತೇನಿ. ಮುಂದಿನ ಸಾಲಿನ್ಯಾಗ ಕುಂಡ್ರತೇನಿ, ಮಂದಿಗೆ ನನ್ನ ನೋಡಿ ನಗಾಕ ಸಲೀಸ ಆಕ್ಕೇತಿ."